ಪಕ್ಕದ ಮನೆಗಿಂತ ಒಂದು ಮೆಟ್ಟಿಲು ಮೇಲೆ

ಆ ಬೀದಿಯಲ್ಲಿ ಮನುಷ್ಯನ ಯೋಗ್ಯತೆಯನ್ನು ಅಳೆಯುತ್ತಿದ್ದದ್ದು ಅವನ ಮನೆಯ ಮುಂದಿನ ಮೆಟ್ಟಿಲುಗಳಿಂದ. ಓದು, ಕೆಲಸ, ನಡತೆ ಎಲ್ಲ ಆಮೇಲಿನ ಮಾತು. ಬೀದಿ ಇದ್ದದ್ದು ನದಿಯ ಪಕ್ಕದ ತಗ್ಗಿನಲ್ಲಿ. ತುಂಬಿ ಬಂದಾಗ ನದಿ ಕೈಕಾಲು ಚಾಚಲೆಂದೇ ಇದ್ದ ಜಾಗ ಅದು. ಅಗ್ಗಕ್ಕೆ ಸಿಕ್ಕಿತೆಂದು ಅಲ್ಲೇ ಸೈಟು ಕೊಂಡು, ಮನೆ ಕಟ್ಟಿ, ಮಳೆ ಜೋರಾದಾಗಲೆಲ್ಲ ನದಿಗೇ ಬುದ್ಧಿಯಿಲ್ಲವೆಂದು ಬೈಯುವ ಜನ ಅವರು. ಬೀದಿಯ ಮೂಲೆಯ ಲೈಟು ಕಂಬಕ್ಕೆ ನಗರಸಭೆಯವರು ಒಂದು ಕೆಂಪು ಪಟ್ಟಿ ಬಳಿದಿದ್ದರು. ಹಿಂದೆ ದೊಡ್ಡ ನೆರೆ ಬಂದಾಗ ನೀರು ಇಲ್ಲಿಯವರೆಗೆ ನಿಂತಿತ್ತು ಎಂಬ ಗುರುತು. ಆ ಕಂಬದ ಬಗ್ಗೆ ಬೀದಿ ನಾಯಿಗಳಿಗೆ ಇದ್ದಷ್ಟು ಆಸಕ್ತಿಯೂ ಮನುಷ್ಯರಿಗಿರಲಿಲ್ಲ.

"ಮನೆ ಎಷ್ಟು ಎತ್ತಬೇಕು?" ಎಂದು ಮೇಸ್ತ್ರಿ ಜಾಕಿ ಕೇಳಿದರೆ ಯಾರೂ ಕೆಂಪು ಪಟ್ಟಿಯ ಸುದ್ದಿ ತೆಗೆಯುತ್ತಿರಲಿಲ್ಲ. ಪಕ್ಕದ ಮನೆಯ ಹೊಸ್ತಿಲನ್ನು ಓರೆಗಣ್ಣಿನಲ್ಲಿ ನೋಡಿ, ದನಿ ತಗ್ಗಿಸಿ, "ಅವರದಕ್ಕಿಂತ ಒಂದು ಮೆಟ್ಟಿಲು ಮೇಲಿರ್ಲಿ" ಅನ್ನುತ್ತಿದ್ದರು. ಆ ಪಕ್ಕದವರು ಸುಮ್ಮನಿರುತ್ತಾರೆಯೇ? ಮುಂದಿನ ಬೇಸಿಗೆಗೆ ಅವರೂ ಜಾಕಿಯನ್ನು ಕರೆಯುತ್ತಿದ್ದರು.

ಜಾಕಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಸುಬು ತಂದುಕೊಟ್ಟದ್ದು. ನಿಂತ ಮನೆಯನ್ನು ನಿಂತಂತೆಯೇ ಮೇಲೆತ್ತುವ ಮೇಸ್ತ್ರಿ ಅವನು. ಗೋಡೆಯ ಬುಡವನ್ನು ಸ್ವಲ್ಪ ಸ್ವಲ್ಪವೇ ಒಡೆದು, ಉದ್ದನೆಯ ಕಬ್ಬಿಣದ ತೊಲೆಗಳನ್ನು ತೂರಿಸಿ, ತೊಲೆಗಳ ಕೆಳಗೆ ಸಾಲಾಗಿ ತಿರುಪಿನ ಜಾಕಿಗಳನ್ನಿಟ್ಟು, ಒಂದೊಂದಕ್ಕೆ ಒಬ್ಬೊಬ್ಬ ಆಳನ್ನು ಕೂರಿಸಿ, ತಾನು ಬಾಯಲ್ಲಿ ಸೀಟಿ ಕಚ್ಚಿಕೊಂಡು ನಡುವೆ ನಿಲ್ಲುತ್ತಿದ್ದ. ಸೀಟಿ ಊದಿದರೆ ಎಲ್ಲರೂ ಒಟ್ಟಿಗೆ ಕಾಲು ಸುತ್ತು ತಿರುಗಿಸಬೇಕು. ಒಬ್ಬ ಅವಸರ ಮಾಡಿದರೂ ಗೋಡೆ ಬಾಯಿಬಿಡುತ್ತದೆ. ಹಾಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮನೆ ಮೇಲೇಳುವಾಗ ಒಳಗಿದ್ದವರು ಹೊರಗೆ ಬರುವ ತೊಂದರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಗಡಿಯಾರ ರಿಪೇರಿಯವರ ಹೆಂಡತಿಯಂತೂ ಕಿಟಕಿಯಿಂದ ತಲೆ ಹಾಕಿ, "ಮೇಸ್ತ್ರಿ, ಸ್ವಲ್ಪ ಮೆತ್ತಗೆ, ಟೀ ಚೆಲ್ಲುತ್ತೆ" ಎಂದು ಗದರಿಸಿದ್ದರು.

ಇಂಥವರನ್ನು ಕಂಡರೆ ಜಾಕಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯುವುದನ್ನು ಮುಚ್ಚಿಡುವ ಸ್ವಭಾವವೂ ಅವನದಲ್ಲ. ಎತ್ತಿದ ಮನೆಯ ಕೆಳಗೆ ಕಂಬಗಳ ನಡುವೆ ಜಾಗ ಖಾಲಿ ಬಿಡಬೇಕು, ನೆರೆ ಬಂದರೆ ನೀರು ಆ ಕಡೆಯಿಂದ ಬಂದು ಈ ಕಡೆಯಿಂದ ಹಾದುಹೋಗಬೇಕು, ಇಲ್ಲದಿದ್ದರೆ ಎತ್ತಿದ್ದೂ ಒಂದೇ ಅಣೆಕಟ್ಟು ಕಟ್ಟಿದ್ದೂ ಒಂದೇ ಎಂದು ಅವನು ಪ್ರತಿ ಮನೆಯಲ್ಲೂ ಹೇಳುತ್ತಿದ್ದ. ಅವರು ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದರು. ಕಂಬದ ಸಿಮೆಂಟು ಒಣಗುವುದೇ ತಡ, ಬುದ್ಧಿ ಹೊರಗೆ ಬರುತ್ತಿತ್ತು. ಬೇಕರಿಯವನು ಕೆಳಗೆ ಸುತ್ತಲೂ ಗೋಡೆ ಹಾಕಿಸಿ ಮೈದಾ ಮೂಟೆ ಪೇರಿಸಿದ. ನೀರಿಗೆ ಹೆದರಿ ಮನೆಯನ್ನು ಮೇಲೆ ಕಳಿಸಿದವನು ಹಿಟ್ಟನ್ನು ಕೆಳಗೆ ಇಟ್ಟಿದ್ದ! ಗಡಿಯಾರದವರು ಬಾಗಿಲು ಕೂರಿಸಿ ಸ್ಕೂಟರ್ ಮೆಕ್ಯಾನಿಕ್ಕನಿಗೆ ಬಾಡಿಗೆಗೆ ಕೊಟ್ಟರು. ರಿಟೈರಾದ ಹೆಡ್‌ಕ್ಲರ್ಕು, "ಕೆಳಗೆ ಟೊಳ್ಳಿದ್ರೆ ನನಗೆ ನಿದ್ದೆ ಹತ್ತಲ್ಲ" ಎಂದು ಮಣ್ಣನ್ನೇ ಗಿಡಿದು ತುಂಬಿಸಿದರು.

"ನೋಡು, ಮೆದುಳಿರೋ ಜಾಗಕ್ಕೂ ಹೀಗೇ ಮಣ್ಣು ತುಂಬಿಸಿಕೊಂಡಿದಾರೆ" ಎಂದು ಜಾಕಿ ಆಳುಗಳಿಗೆ ಹೇಳಿ ನಗುತ್ತಿದ್ದ.

ಆದರೆ ಆ ಗೋಡೆ ಕಟ್ಟಿದವರು ಯಾರು, ಮಣ್ಣು ತುಂಬಿಸಿದವರು ಯಾರು ಎಂದು ಕೇಳಬಾರದು. ಬೇಡ ಅಂದವನೂ ಅವನೇ, ಬೇಡವಾದದ್ದನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟವನೂ ಅವನೇ. ಬಾಯಲ್ಲಿ ಬೈಯುತ್ತಾ ಕೈಯಲ್ಲಿ ಕರಣೆ ಹಿಡಿದರೆ ತನ್ನ ಮೈಗೆ ಏನೂ ಅಂಟುವುದಿಲ್ಲ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಬೀದಿಯ ಕೊನೆಯ ಮನೆ ಅವನ ಅಕ್ಕನದು. ಇಳಿಜಾರಿನ ತುದಿಯಲ್ಲಿ, ಎಲ್ಲಕ್ಕಿಂತ ತಗ್ಗಿನಲ್ಲಿ, ಒಂದೇ ಒಂದು ಮೆಟ್ಟಿಲಿನ ಹಳೇ ಮನೆ. ಅಮ್ಮ ತೀರಿಕೊಂಡ ಮೇಲೆ ಅವನಿಗೆ ಉಣ್ಣಿಸಿ, ಬೈದು, ಹೊಡೆದು, ಮನುಷ್ಯನನ್ನಾಗಿ ಮಾಡಿದವಳು ಅವಳು. ಮನುಷ್ಯನನ್ನಾಗಿ ಮಾಡುವ ಕೆಲಸ ಇನ್ನೂ ಮುಗಿದಿಲ್ಲ ಎಂದು ಅವಳೇ ಆಗಾಗ ಅನ್ನುತ್ತಿದ್ದಳು. ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್ನಿನಲ್ಲಿ ಶಾಲೆಮಕ್ಕಳ ಯೂನಿಫಾರಂ ಹೊಲಿಯುವುದು ಅವಳ ಜೀವನ. ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಅದೇ ತವರುಮನೆಗೆ ವಾಪಸು ಬಂದು, ಅದೇ ಕಿಟಕಿಯ ಬೆಳಕಿನಲ್ಲಿ ಮೆಷಿನ್ನು ಹಾಕಿಕೊಂಡಿದ್ದಳು. ಆ ಮನೆ ಬಿಟ್ಟರೆ ಅವಳಿಗೆ ಬೇರೆ ನೆಲೆಯಿಲ್ಲ.

ಬೀದಿಯ ಎಲ್ಲ ಮನೆಗಳನ್ನು ಎತ್ತಿದ ತಮ್ಮ ಅಕ್ಕನ ಮನೆಯನ್ನು ಎತ್ತಲಾರದೆ ಹೋದ. ಗೋಡೆಗಳು ಮಣ್ಣಿನ ಗಾರೆಯಲ್ಲಿ ಕೂರಿಸಿದ ಹಳೇ ಇಟ್ಟಿಗೆಯವು. ತೊಲೆ ತೂರಿಸಿ ಜಾಕಿ ಕೊಟ್ಟರೆ ಮೇಲೇಳುವ ಬದಲು ಉದುರಿಬಿಡುತ್ತಿದ್ದವು. ಇದು ನೆಪವಲ್ಲ, ನಿಜ.

ಮೊದಲು ನೆರೆ ಬಂದರೆ ನೀರು ಬೀದಿಯುದ್ದಕ್ಕೂ ಹರಡಿಕೊಂಡು, ಎಲ್ಲರ ಅಂಗಳಕ್ಕೂ ಪಾದ ಮುಳುಗುವಷ್ಟು ನುಗ್ಗಿ, ಅಕ್ಕನ ಮನೆಯ ಹಿಂದಿನ ಬಯಲಿಗೆ ಇಳಿದು, ಅಲ್ಲಿಂದ ನಿಧಾನಕ್ಕೆ ನದಿಗೆ ಮರಳುತ್ತಿತ್ತು. ಜನ ಅಂಗಳ ತೊಳೆದುಕೊಂಡು ಸುಮ್ಮನಾಗುತ್ತಿದ್ದರು. ಈಗ ಮೇಲಿನ ಮನೆಗಳೆಲ್ಲ ಕೆಳಗೆ ಮುಚ್ಚಿಕೊಂಡು ಗೋಡೆಯ ಹಾಗೆ ನಿಂತಿದ್ದರಿಂದ ಅಷ್ಟೂ ನೀರು ಬೀದಿಯ ನಡುವೆ ಇಕ್ಕಟ್ಟಿನಲ್ಲಿ ಓಡಿ ಬಂದು ಅಕ್ಕನ ಅಂಗಳದಲ್ಲಿ ನಿಲ್ಲುತ್ತಿತ್ತು. ಒಂದು ಮಳೆಗಾಲ ಅಂಗಳ, ಮುಂದಿನದಕ್ಕೆ ಮೆಟ್ಟಿಲು.

ನೀರು ಮುಂದೆ ಹೋಗಬೇಕೆಂದರೆ ಬಯಲಿಗೆ ಇಳಿಯುವ ದಾರಿಯೂ ಕಟ್ಟಿಕೊಂಡಿತ್ತು. ಆ ದಾರಿ ಬಾಟಲಿಯ ಕತ್ತಿನ ಹಾಗೆ ಸಪೂರ. ಸರಿಯಾಗಿ ಆ ಕತ್ತಿನಲ್ಲೇ ಜಾಕಿ ತನ್ನ ಸಾಮಾನಿನ ಶೆಡ್ಡು ಹಾಕಿದ್ದ. ಅವನಿದ್ದದ್ದು ಮೇಲಿನ ರಸ್ತೆಯ ಬಾಡಿಗೆ ಮಹಡಿಯಲ್ಲಿ. ಅಷ್ಟು ಕಬ್ಬಿಣವನ್ನು ಮೆಟ್ಟಿಲು ಹತ್ತಿಸಲು ಮನೆ ಮಾಲೀಕ ಒಪ್ಪುತ್ತಿರಲಿಲ್ಲ. ನಗರಸಭೆಯ ಜಾಗ, ಕೇಳುವವರು ಯಾರೂ ಇಲ್ಲ ಎಂದು ಪ್ರತಿ ಮನೆಯಲ್ಲಿ ಒಡೆದ ಇಟ್ಟಿಗೆ ಚೂರು, ಗಾರೆ, ಹಳೇ ಪಾಯದ ಕಲ್ಲು ತಂದು ಅಲ್ಲಿ ಸುರಿದು ಎತ್ತರ ಮಾಡಿಕೊಂಡಿದ್ದ. ಜಾಕಿಯ ತಿರುಪಿನೊಳಗೆ ಕೆಸರು ಹೊಕ್ಕರೆ ಅದು ಮತ್ತೆ ತಿರುಗುವುದಿಲ್ಲ, ಅದಕ್ಕೆ. ತಾನೂ ತಗ್ಗು ಮುಚ್ಚಿ ಭರ್ತಿ ಮಾಡಿದೆ ಎಂದು ಅವನಿಗೆ ಯಾವತ್ತೂ ಅನಿಸಲಿಲ್ಲ. ಭರ್ತಿ ಮಾಡುವವರು ದಡ್ಡರು, ತಾನು ಸಾಮಾನು ಇಟ್ಟುಕೊಂಡವನು.

"ನೀರು ಮೆಟ್ಟಿಲಿಗೆ ಬಂತು ಕಣೋ" ಎಂದಳು ಅಕ್ಕ, ದಾರ ಕಡಿಯುತ್ತಾ.

"ಬರದೇ ಏನು? ಆ ಬೇಕರಿಯವನ ಬುದ್ಧಿ ನೋಡು. ಆ ಹೆಡ್‌ಕ್ಲರ್ಕ್ ನೋಡು. ನಾನು ಬಾಯಿ ಬಡ್ಕೊಂಡೆ ಅಕ್ಕ, ಒಬ್ಬನಾದ್ರೂ ಕಿವಿಗೆ ಹಾಕ್ಕೊಂಡನಾ?"

"ಮುಚ್ಚಿದ್ದು ಯಾರು?"

"ನಾನು ಮಾಡದಿದ್ರೆ ಇನ್ನೊಬ್ಬ ಮಾಡ್ತಿದ್ದ. ಅವನು ಸರಿಯಾಗಿ ಬೇರೆ ಮಾಡ್ತಿರಲಿಲ್ಲ."

"ಹಿಂದುಗಡೆ ನಿನ್ನ ಶೆಡ್ಡು?"

"ಅದು ಎಷ್ಟು ಜಾಗ ಅಂತ! ನಿನ್ನ ಮನೆಗೆ ನೀರು ಬರಲ್ಲ, ನಾನಿದೀನಲ್ಲ, ಹೇಳ್ತಿದೀನಲ್ಲ."

ಅಕ್ಕ ಮತ್ತೆ ಮೆಷಿನ್ನು ತುಳಿಯತೊಡಗಿದಳು. ಮಾತು ಮುಗಿಸಲು ಅವಳು ಹಾಗೆ ಮಾಡುವುದು. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುತ್ತಿರಲಿಲ್ಲ.

ಮುಂದಿನ ಮಳೆಗಾಲ ನೀರು ಹೊಸ್ತಿಲು ದಾಟಿತು. ಮೆಷಿನ್ನಿನ ಪೆಡಲು, ಅದರ ಪಟ್ಟಿ, ಕತ್ತರಿಸಿಟ್ಟ ಯೂನಿಫಾರಂ ಬಟ್ಟೆಯ ಕಟ್ಟುಗಳು, ಎಲ್ಲ ಕೆಸರು. ಗೋಡೆಯ ಮಣ್ಣು ಬುಡದಲ್ಲಿ ಉಬ್ಬಿ ಅಂಗೈಯಗಲದ ಗಾರೆ ಕಳಚಿಬಿತ್ತು. ಬೀದಿಯವರು ತಮ್ಮ ತಮ್ಮ ಮೆಟ್ಟಿಲ ತುದಿಯಲ್ಲಿ ನಿಂತು "ಅಯ್ಯೋ ಪಾಪ" ಅಂದರು. ಒಬ್ಬರೂ ಕೆಳಗಿಳಿಯಲಿಲ್ಲ, ಪಾಪ ಅನ್ನುವುದಕ್ಕೆ ಕಾಲು ಒದ್ದೆ ಮಾಡಿಕೊಳ್ಳಬೇಕಾಗಿಲ್ಲವಲ್ಲ. ಜಾಕಿ ಓಡಿಬಂದು ಬಟ್ಟೆ ಹೊತ್ತ, ಕೆಸರು ಎತ್ತಿಹಾಕಿದ, ಬೀದಿಯ ಅಷ್ಟೂ ಜನರನ್ನು ಹೆಸರು ಹಿಡಿದು ಬೈದ. ತನ್ನ ಮಹಡಿಗೆ ಬಂದಿರು ಎಂದು ಅಕ್ಕನನ್ನು ಗೋಗರೆದ. ಅವಳು ಒಂದೊಂದೇ ಬಟ್ಟೆಯನ್ನು ಬಕೆಟ್ಟಿನಲ್ಲಿ ಜಾಲಾಡಿಸುತ್ತಾ, "ಮನೆ ಬಿಟ್ಟು ಹೋದ್ರೆ ಈ ಗೋಡೆ ಇನ್ನೂ ಬೇಗ ಬೀಳುತ್ತೆ. ಇನ್ನೊಂದು ಸಲ ನೀರು ಒಳಗೆ ಬಂದ್ರೂ ಇದು ನಿಲ್ಲಲ್ಲ, ನಿನಗೂ ಗೊತ್ತು" ಅಂದಳು. ಅವನಿಗೆ ಗೊತ್ತಿತ್ತು. ಅದೇ ಹೊತ್ತಿಗೆ ಹಿಂದೆ ಶೆಡ್ಡಿನೊಳಗೆ ಅವನ ಜಾಕಿಗಳು ಎಣ್ಣೆ ಹಚ್ಚಿಸಿಕೊಂಡು ಬೆಚ್ಚಗೆ ಕೂತಿದ್ದವು.

ಮಳೆ ಹೋದ ಮೇಲೆ ನಗರಸಭೆ ಎಚ್ಚೆತ್ತಿತು. ಹೊಸದಾಗಿ ಬಂದಿದ್ದ ಇಂಜಿನಿಯರಮ್ಮ ಬೀದಿಯವರನ್ನೆಲ್ಲ ಶಾಲೆಯ ಕೋಣೆಗೆ ಕರೆದು ಸಭೆ ಮಾಡಿದರು. ದೊಡ್ಡ ದೊಡ್ಡ ಮನುಷ್ಯರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಎದೆಗೆ ಸಿಕ್ಕಿಸಿಕೊಂಡು ಕೂತರು. ಇಂಜಿನಿಯರಮ್ಮ ಬೋರ್ಡಿನ ಮೇಲೆ ನದಿ, ಬೀದಿ, ಬಯಲು ಬರೆದು ತೋರಿಸಿದರು. ನದಿಗೆ ಬಯಲನ್ನು ವಾಪಸು ಕೊಡಬೇಕು, ಅಲ್ಲಿಯ ಭರ್ತಿ ತೆಗೆಯಬೇಕು, ಮನೆಗಳ ಕೆಳಗೆ ಮುಚ್ಚಿದ ಗೋಡೆಗಳಲ್ಲಿ ನೀರು ಹಾಯಲು ಕಂಡಿ ಬಿಡಬೇಕು ಎಂದರು. ಬಲವಂತ ಮಾಡಿಸಲು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆಯಬೇಕು, ನೀವಾಗಿಯೇ ಮಾಡಿದರೆ ಮುಂದಿನ ಮಳೆಯೊಳಗೆ ಮುಗಿಯುತ್ತದೆ ಎಂದೂ ಬಿಚ್ಚಿ ಹೇಳಿದರು.

ತಪ್ಪು ಅಂದವರು ಒಬ್ಬರೂ ಇಲ್ಲ. ತುಂಬ ಒಳ್ಳೆಯ ಯೋಜನೆ ಎಂದು ಹೆಡ್‌ಕ್ಲರ್ಕು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಪರಿಸರದ ಬಗ್ಗೆ ಭಾಷಣವನ್ನೇ ಬಿಗಿದರು. ಕೊನೆಗೆ, "ಮೊದಲು ಬೇಕರಿಯವರು ತೆಗೀಲಿ, ನಾನು ಹಿಂದೇನೇ ತೆಗೀತೀನಿ" ಅಂದರು.

"ನಾನ್ಯಾಕೆ ಮೊದಲು? ಗಡಿಯಾರದವರದು ನನ್ನ ಮನೆಗಿಂತ ಮುಂಚೆ ಮುಚ್ಚಿದ್ದು" ಎಂದ ಬೇಕರಿಯವನು.

"ಹೆಡ್‌ಕ್ಲರ್ಕ್ ಸಾಹೇಬರು ಮಣ್ಣೇ ತುಂಬಿಸಿದಾರೆ, ನಾವು ಬರೀ ಬಾಗಿಲು ಕೂರಿಸಿದ್ದು" ಎಂದರು ಗಡಿಯಾರದವರು.

ಜಾಕಿ ಕಿಟಕಿಯ ಹತ್ತಿರ ಗೋಡೆಗೆ ಒರಗಿ ಮಜಾ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಗಟ್ಟಿಯಾಗಿ ನಕ್ಕೇಬಿಟ್ಟ. "ಮೇಡಂ, ಇವರ ಜೊತೆ ಯಾಕೆ ತಲೆ ಚಚ್ಕೊಳ್ತೀರಿ? ಮನೆ ಎತ್ತೋವಾಗಲೂ ಪಕ್ಕದವರನ್ನ ನೋಡಿದ್ರು, ಈಗ ಮುಚ್ಚಿದ್ದು ತೆಗೆಯೋಕೂ ಪಕ್ಕದವರನ್ನ ನೋಡ್ತಾರೆ. ಇವರ ಹಣೆಬರಹ ನನಗೆ ಗೊತ್ತು. ಇಡೀ ಬೀದೀಲಿ ಒಬ್ಬರಿಗೂ ನೆಟ್ಟಗೆ ಬುದ್ಧಿಯಿಲ್ಲ!"

ಆಗ ಹಿಂದಿನ ಬೆಂಚಿನಿಂದ ಅಕ್ಕ ಎದ್ದಳು. ಸಭೆಗಳಲ್ಲಿ ಮಾತಾಡಿದವಳಲ್ಲ. ಸೀರೆಯ ಸೆರಗಿಗೆ ಸಿಕ್ಕಿಸಿದ ಸೂಜಿಯನ್ನು ಬೆರಳಿನಿಂದ ಮುಟ್ಟಿಕೊಳ್ಳುತ್ತಾ, "ಮೇಡಂ, ನಮ್ಮ ತಮ್ಮನ ಶೆಡ್ಡಿಂದ ಶುರು ಮಾಡಿ" ಎಂದಳು.

ಇಂಜಿನಿಯರಮ್ಮ ಬೋರ್ಡಿನತ್ತ ತಿರುಗಿ, ತಾವೇ ಬರೆದಿದ್ದ, ಬಯಲಿಗೆ ಇಳಿಯುವ ಬಾಟಲಿಯ ಕತ್ತನ್ನು ನೋಡಿದರು.

"ಅಕ್ಕಾ, ಏನು ಮಾತಾಡ್ತಿದೀಯ?" ಜಾಕಿಯ ಮುಖ ಕೆಂಪಾಯಿತು. "ಅದು ನನ್ನ ಹೊಟ್ಟೆಪಾಡು. ಅದನ್ನ ಕಿತ್ತರೆ ನನ್ನ ಜಾಕಿ ಎಲ್ಲಿಡಲಿ? ನೀರಲ್ಲಿ ನೆನಸ್ಲಾ?"

"ನಮ್ಮನೇಲಿಡು."

"ನಿಮ್ಮನೇಲಾ?"

"ನಮ್ಮನೇಗೆ ನೀರು ಬರಲ್ಲ, ನಾನಿದೀನಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲೋ. ತಂದಿಡು."

ಆ ಮನೆ ತಮ್ಮನ ಕಬ್ಬಿಣಕ್ಕೆ ಆಗಿಬರುವುದಿಲ್ಲ ಎಂದರೆ ಅಕ್ಕನಿಗೆ ಆಗಿಬರುತ್ತದೆಯೇ ಎಂದು ಅವಳು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಬೇಕರಿಯವನು ಮೊದಲು ನಕ್ಕ. ಆಮೇಲೆ ಗಡಿಯಾರದವರು, ಆಮೇಲೆ ಹೆಡ್‌ಕ್ಲರ್ಕು. ಜೀವಮಾನದಲ್ಲಿ ಒಂದೇ ಸಲ ಆ ಬೀದಿ ಒಟ್ಟಾಗಿ ಒಂದು ಕೆಲಸ ಮಾಡಿತು, ಅದು ಜಾಕಿಯನ್ನು ನೋಡಿ ನಗುವುದು. ಅವನು ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದ.

ಅವನು ಕೆಲವು ದಿನ ಅಕ್ಕನ ಮನೆಗೆ ಬರಲಿಲ್ಲ. ಊಟಕ್ಕೆ ಕೂತರೂ ಅವನಿಗೆ ಆ ಗೋಡೆಯ ಬುಡ ಕಣ್ಣಿಗೆ ಕಟ್ಟುತ್ತಿತ್ತು. ಊರಿನ ದಡ್ಡರನ್ನೆಲ್ಲ ಎಣಿಸಿಟ್ಟುಕೊಂಡಿದ್ದವನು ಒಬ್ಬನನ್ನು ಬಿಟ್ಟುಬಿಟ್ಟಿದ್ದ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಒಂದು ಬೆಳಿಗ್ಗೆ ಆಳುಗಳನ್ನು ಕರೆದುಕೊಂಡು ಬಂದು ಶೆಡ್ಡಿನ ತಗಡು ಬಿಚ್ಚಿದ. ತೊಲೆಗಳನ್ನು ಪರ ಊರಿನ ಒಬ್ಬ ಕಂಟ್ರಾಕ್ಟರನ ಅಂಗಳಕ್ಕೆ ಸಾಗಿಸಿದ. ಜಾಕಿಗಳನ್ನು ಮಾತ್ರ ಒಂದೊಂದಾಗಿ ಹೊತ್ತು ಅಕ್ಕನ ಮುಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ, ನೆಲದ ಮೇಲೇ, ಸಾಲಾಗಿ ಇಟ್ಟ. ಅಟ್ಟದ ಮೇಲಿಡಲಾ ಎಂದು ಅವನು ಕೇಳಿದ್ದಕ್ಕೆ, "ಅಟ್ಟ ತಡೆಯಲ್ಲ, ನೆಲದ ಮೇಲೇ ಇರ್ಲಿ" ಅಂದಿದ್ದಳು. ಆಮೇಲೆ ಭರ್ತಿ ತೆಗೆಯುವ ಕೆಲಸ. ತಾನೇ ತಂದು ಸುರಿದ ಕಲ್ಲು, ಇಟ್ಟಿಗೆಗಳನ್ನು ತಾನೇ ಅಗೆದು ಲಾರಿಗೆ ತುಂಬಿದ. ಬೀದಿಯವರು ಕುರ್ಚಿ ಹಾಕಿಕೊಂಡು, ಟೀ ಲೋಟ ಕೈಯಲ್ಲಿ ಹಿಡಿದುಕೊಂಡು, ತಮ್ಮ ತಮ್ಮ ಎತ್ತರದಿಂದ ನೋಡಿದರು. "ಆ ಮೂಲೆ ಉಳೀತು ನೋಡಿ ಮೇಸ್ತ್ರಿ" ಎಂದು ಹೆಡ್‌ಕ್ಲರ್ಕು ಸಲಹೆಯನ್ನೂ ಕೊಟ್ಟರು.

ಮಳೆ ಬಂತು. ನದಿ ಬೆಳಗಿನ ಹೊತ್ತಿಗೇ ದಡ ಬಿಟ್ಟು ಬೀದಿಗೆ ಬಂತು. ಜಾಕಿ ಮೊಣಕಾಲುದ್ದದ ನೀರಿನಲ್ಲಿ ಅಕ್ಕನ ಮೆಟ್ಟಿಲಿನ ಮುಂದೆ ನಿಂತು, ಹೊಸ್ತಿಲಿನಿಂದ ಕಣ್ಣು ಕೀಳಲಿಲ್ಲ. ಮನೆ ಎತ್ತುವಾಗ ಬೇರೆಯವರ ಗೋಡೆಗಳನ್ನು ಅವನು ಎಷ್ಟೋ ಸಲ ಹೀಗೆ ದಿಟ್ಟಿಸಿದ್ದ, ಆದರೆ ಆ ಗೋಡೆಗಳ ಒಳಗೆ ಅವನದೇನೂ ಇರುತ್ತಿರಲಿಲ್ಲ. ಒಳಗೆ ಅಕ್ಕ ಮಂಚದ ಮೇಲೆ ಕಾಲು ಮಡಚಿ ಕೂತು ಗುಂಡಿ ಹೊಲಿಯುತ್ತಿದ್ದಳು. ಕೆಳಗೆ ನೆಲದ ಮೇಲೆ ಅವನ ಬದುಕೆಲ್ಲ ಜಾಕಿಗಳಾಗಿ ಸಾಲಾಗಿ ನಿಂತಿತ್ತು. ನೀರು ಮೆಟ್ಟಿಲು ಮುಳುಗಿಸಿತು, ಹೊಸ್ತಿಲಿಗೆ ತಾಕಿತು, ಮರವನ್ನು ಒದ್ದೆ ಮಾಡಿತು. ಅಲ್ಲೇ ನಿಂತಿತು. ಮನೆಯ ಪಕ್ಕದಿಂದ ಹಿಂದಕ್ಕೆ, ಶೆಡ್ಡು ಇದ್ದ ಜಾಗದಿಂದ ಬಯಲಿಗೆ ಧುಮುಕುವ ನೀರಿನ ಸದ್ದು ಅವನಿಗೆ ಕೇಳಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲ ಮೇಲೆ ಒಂದು ಕೆಸರಿನ ಗೆರೆ ಉಳಿಸಿ ನೀರು ಇಳಿಯಿತು. ಜಾಕಿ ಮೆಟ್ಟಿಲ ಮೇಲೆ ಕುಸಿದು ಕೂತು, ಯಾರಿಗೂ ಕಾಣದ ಹಾಗೆ ಮುಖ ಒರೆಸಿಕೊಂಡ.

ಮೇಲೆ ಬೇಕರಿಯವನ ಮನೆಯಲ್ಲಿ ಮಾತ್ರ ಗೋಳೋ ಅಂತ ಅಳು. ಮುಚ್ಚಿದ ಗೋಡೆಯ ಬಾಗಿಲ ಸಂದಿಯಿಂದ ನೀರು ಒಳಗೆ ಹೋಗಿ, ಹೊರಗೆ ಬರಲು ದಾರಿಯಿಲ್ಲದೆ, ಮೈದಾ ಮೂಟೆಗಳನ್ನೆಲ್ಲ ಅಂಟು ಮಾಡಿಟ್ಟಿತ್ತು.

ಎರಡು ದಿನ ಬಿಟ್ಟು ಬೇಕರಿಯವನೇ ಜಾಕಿಯನ್ನು ಹುಡುಕಿಕೊಂಡು ಅಕ್ಕನ ಮನೆಗೆ ಬಂದ. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಮೇಸ್ತ್ರಿ, ಕೆಳಗಿನ ಗೋಡೇಲಿ ಕಂಡಿ ಹೊಡೀಬೇಕು. ಗಡಿಯಾರದವರು ಏನಾದ್ರೂ ಹೇಳಿದಾರಾ? ಅವರು ಎಷ್ಟು ಹೊಡಿಸ್ತಾರೋ, ಅದಕ್ಕಿಂತ ಒಂದು ಜಾಸ್ತಿ ಇರ್ಲಿ" ಎಂದ. ಅವನು ಹೋದ ಮೇಲೆ ಗಡಿಯಾರದವರು ಬಂದರು. ಅವರೂ ದನಿ ತಗ್ಗಿಸಿದರು. ಸಂಜೆ ಹೆಡ್‌ಕ್ಲರ್ಕು, ತುಂಬಿಸಿದ ಮಣ್ಣನ್ನು ಪೂರ್ತಿ ತೆಗೆಸಿದರೆ ಬೀದಿಗೆಲ್ಲ ತಮ್ಮದೇ ದೊಡ್ಡ ಕಂಡಿಯಾಗುತ್ತದಲ್ಲವೇ ಎಂದು ವಿಚಾರಿಸಿದರು.

ಬಾಗಿಲು ಹಾಕಿದ್ದೇ ತಡ, ಜಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿದೆಯಾ ಅಕ್ಕ, ಈ ಜನ್ಮಗಳನ್ನ! ನದಿ ಬಂದು ಮುಖಕ್ಕೆ ಹೊಡೆದ್ರೂ ನದಿ ಕಡೆ ನೋಡಲ್ಲ. ಪಕ್ಕದವನ ಗೋಡೆಗೆ ಎಷ್ಟು ತೂತು ಅಂತ ಎಣಿಸ್ತಾರೆ."

"ಮೊದಲನೇ ತೂತು ನಿನ್ನದಾಗಲಿ ಅಂತ ಅದಕ್ಕೇ ಸಭೇಲಿ ಅಂದೆ" ಎಂದಳು ಅಕ್ಕ. "ಅವರು ಯಾರನ್ನ ನೋಡ್ತಾರೆ ಅಂತ ನನಗೆ ಗೊತ್ತಿತ್ತು. ನೀನು ಏನನ್ನ ನೋಡ್ತೀಯ ಅಂತಾನೂ ಗೊತ್ತಿತ್ತು."

ಜಾಕಿಯ ನಗು ನಿಂತಿತು. ಅವನು ಗೋಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದು ಜಾಕಿಯ ತಿರುಪನ್ನು ತಿರುಗಿಸಿ ನೋಡಿದ. ಸಲೀಸಾಗಿ ತಿರುಗಿತು. "ಬಯಲಿನ ಆ ಕಡೆ ಎತ್ತರದಲ್ಲಿ ಒಂದು ಗೋಡೌನು ಬಾಡಿಗೆಗಿದೆ ಅಂತೆ. ಇವನ್ನ ಅಲ್ಲಿಗೆ ಸಾಗಿಸ್ತೀನಿ. ನಿನಗೂ ಓಡಾಡೋಕೆ ಜಾಗ ಆಗುತ್ತೆ" ಅಂದ.

"ಬೇಡ. ಇಲ್ಲೇ ಇರ್ಲಿ."

"ಕಾಲಿಗೆ ತಾಗುತ್ತೆ ಅಕ್ಕ."

"ತಾಗ್ಲಿ" ಎಂದು ಅಕ್ಕ ಮೆಷಿನ್ನಿನ ಮುಂದೆ ಕೂತು ಪಟ್ಟಿ ಏರಿಸಿದಳು. "ಇವು ಇಲ್ಲಿದ್ರೆ, ಮಳೆ ಬಂದಾಗ ನೀನು ನಮ್ಮ ಮನೆ ಕಡೆ ನೋಡ್ತೀಯ."

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಅವಳು ಮೆಷಿನ್ನು ತುಳಿಯಲು ಶುರುಮಾಡಿದ್ದಳು.